ಅಂಗಾಲಿನ ಕರಿ ಕಾಳು

ಬತೂಲಳಿಗೆ ಊರ ಹೆಂಗಸರ ಮುಖ ಮರೆತರೂ ಮರೆತೀತು, ಕಾಲು ಮರೆಯುವುದಿಲ್ಲ. ಮೂವತ್ತೆರಡು ವರ್ಷದಿಂದ ಆ ಕಾಲುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಮದರಂಗಿ ಹಚ್ಚಿದವಳು ಅವಳು. ಯಾರ ಹಿಮ್ಮಡಿ ಒಡೆದಿದೆ, ಯಾರ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ಯಾರಿಗೆ ಅಂಗಾಲು ಮುಟ್ಟಿದರೆ ಕಚಗುಳಿ, ಎಲ್ಲವೂ ಅವಳಿಗೆ ಬಾಯಿಪಾಠ. ಸೆನ್ನಾರ್ ಪಟ್ಟಣದಿಂದ ಅರ್ಧ ದಿನದ ಹಾದಿ, ನೀಲ ನೈಲ್ ನದಿಯ ದಂಡೆ. ಆ ಊರಲ್ಲಿ ಮದುವೆ ಎಂದರೆ ಬತೂಲ್ ಬರಬೇಕು. ಅವಳು ಬಾರದೆ ಮದುಮಗಳ ಕಾಲು ಕಪ್ಪಾಗದು, ಕಾಲು ಕಪ್ಪಾಗದ ಮದುವೆಯನ್ನು ಯಾರೂ ಮದುವೆ ಎನ್ನರು. ಇದು ಅವಳಿಗೂ ಚೆನ್ನಾಗಿ ಗೊತ್ತಿದ್ದುದರಿಂದ ಜಂಭಕ್ಕೇನೂ ಕಡಿಮೆ ಇರಲಿಲ್ಲ.

ಆದರೆ ಆ ಬೆಳಿಗ್ಗೆ ಸಿತ್ತನಾಳನ್ನು ಕರೆದುಕೊಂಡು ಶಾಲೆಯ ಕಡೆ ನಡೆಯುವಾಗ ಆ ಜಂಭ ಎಲ್ಲಿತ್ತೋ. ದಾರಿಯಲ್ಲಿ ಸಿಕ್ಕವರು ಸಲಾಂ ಹೇಳಿದರೆ ಅವಳು ಅರ್ಧ ಮಾತ್ರ ಉತ್ತರಿಸಿ ಮುಂದೆ ಹೋಗುತ್ತಿದ್ದಳು.

ಸಿತ್ತನಾ ಅವಳ ತೀರಿಹೋದ ಅಕ್ಕನ ಮಗಳು. ನಾಲ್ಕು ವರ್ಷದವಳಿದ್ದಾಗಿನಿಂದ ಬತೂಲಳೇ ಸಾಕಿದಳು. ಮದುವೆಯಾಗಿ ಎರಡು ವರ್ಷ. ಬಲಗಾಲಿನ ಅಂಗಾಲಿನ ಕುಳಿಯಲ್ಲಿ ಈಗ ನಿಂಬೆಕಾಯಿಯಷ್ಟು ಗಂಟು. ನೋವಿಲ್ಲ, ಕೀವಿಲ್ಲ. ಹೆಜ್ಜೆ ಇಟ್ಟರೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ ಹಾಗೆ, ಅಷ್ಟೇ. ಅದನ್ನು ಮೊನ್ನೆ ಅತ್ತೆ ನೋಡಿಬಿಟ್ಟಿದ್ದಳು. ನೋಡಿದವಳು ಕಬ್ಬಿಣ ಕಾಯಿಸಿ ಬರೆ ಹಾಕುವ ಮುದುಕನನ್ನು ಕರೆಸಲು ಹೊರಟಾಗ ಸಿತ್ತನಾ ಸೀರೆಯಂಥ ತನ್ನ ತೋಬ್ ಸುತ್ತಿಕೊಂಡು ನೇರ ಚಿಕ್ಕಮ್ಮನ ಮನೆಗೆ ಓಡಿಬಂದಿದ್ದಳು.

"ಮುಳ್ಳೇ ಇರ್ಬೇಕು ಚಿಕ್ಕಮ್ಮ. ಕಟ್ಟಿಗೆ ತರೋವಾಗ ಚುಚ್ಚಿತ್ತಲ್ಲ, ಮುರಿದು ಒಳಗೇ ಉಳ್ಕೊಂಡಿದೆ."

"ಹೂಂ, ಮುಳ್ಳೇ," ಎಂದಳು ಬತೂಲ್. ಹೇಳುವಾಗ ಅವಳು ಆ ಕಾಲಿನ ಕಡೆ ನೋಡಲಿಲ್ಲ.

ಆ ಸೀಮೆಯಲ್ಲಿ ಜಾಲಿ ಮುಳ್ಳು ಚುಚ್ಚದ ಕಾಲಿಲ್ಲ. ದನದ ದೊಡ್ಡಿಗೆ ಮುಳ್ಳಿನದೇ ಬೇಲಿ, ಒಲೆಗೆ ಮುಳ್ಳಿನದೇ ಸೌದೆ. ನೂರು ಮುಳ್ಳು ಚುಚ್ಚಿದರೆ ತೊಂಬತ್ತೊಂಬತ್ತು ಸುಮ್ಮನೆ ಹೋಗುತ್ತವೆ. ಉಳಿದ ಒಂದು, ಮಣ್ಣಿನ ಬೂಷ್ಟನ್ನು ಜೊತೆಗೆ ಒಳಗೆ ಒಯ್ಯುತ್ತದೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಮಾಂಸದೊಳಗೆ ಹಬ್ಬಿ ಮೂಳೆಗೆ ಇಳಿಯುತ್ತದೆ. ಊರವರು ಅದಕ್ಕೆ ನಬ್ತ್ ಎನ್ನುತ್ತಾರೆ. ನಬ್ತ್ ಹಿಡಿದು ಕಾಲು ಕಳೆದುಕೊಂಡು ಊರುಗೋಲು ಹಿಡಿದವರು ಓಣಿಗೊಬ್ಬರಿದ್ದರು. ಅವರೆಲ್ಲ ಗಂಡಸರೇ. ಹೆಂಗಸರಿಗೆ ನಬ್ತ್ ಬರುವುದಿಲ್ಲವೆಂದಲ್ಲ, ಬಂದರೆ ಅವರು ಹೊರಗೆ ಬರುವುದಿಲ್ಲ.

ಪಟ್ಟಣದ ಆಸ್ಪತ್ರೆಯ ತಂಡ ಎರಡು ಗಾಡಿಯಲ್ಲಿ ಬಂದು ಶಾಲೆಯಲ್ಲಿ ಬೀಡುಬಿಟ್ಟು ಅದು ಮೂರನೆಯ ದಿನ. ಸಂಜೆ ನಾಲ್ಕಕ್ಕೆ ಅವರು ಹೊರಡುವವರು. ಬೇವಿನ ಮರದಡಿ ಗಂಡಸರ ಸಾಲು ಗೇಟಿನ ತನಕ ಬೆಳೆದಿತ್ತು. ಹೆಂಗಸರ ಸಾಲಿನಲ್ಲಿ ಇದ್ದವರು ಇಬ್ಬರು, ಅದರಲ್ಲಿ ಒಬ್ಬಳು ಕೆಮ್ಮಿಗೆ ಔಷಧಿ ಕೇಳಲು ಬಂದವಳು.

ಒಳಗೆ, ಕೂಡುವ ಲೆಕ್ಕ ಅಳಿಸದೆ ಉಳಿದಿದ್ದ ಕಪ್ಪುಹಲಗೆಯ ಕೆಳಗೆ, ಡಾಕ್ಟರ್ ನಿಮಾತ್ ಕೂತಿದ್ದಳು. ವಾದ್ ಮದನಿ ಪಟ್ಟಣದವಳು, ಎತ್ತರದ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಮಕ್ಕಳ ಮೇಜಿನ ಮೇಲೆ ಅವಳ ಅಲ್ಟ್ರಾಸೌಂಡ್ ಯಂತ್ರ. ಬತೂಲ್ ಅದನ್ನು ಓರೆಗಣ್ಣಿನಿಂದ ನೋಡಿದಳು.

"ಬಾ ಮಗಳೇ, ಕಾಲು ಇಲ್ಲಿಡು. ಅಜ್ಜಿ, ನೀವು ಆ ಕಡೆ ಕೂತ್ಕೊಳ್ಳಿ," ಎಂದಳು ನಿಮಾತ್.

"ಅಜ್ಜಿ ಯಾರೇ? ನಿನಗಿಂತ ನಾಲ್ಕು ವರ್ಷ ಮುಂಚೆ ಹುಟ್ಟಿರ್ಬಹುದು, ಅಷ್ಟಕ್ಕೇ ಅಜ್ಜಿ ಆಗ್ಬಿಟ್ನಾ?"

"ತಪ್ಪಾಯ್ತು ಅಕ್ಕ. ಬಿಸಿಲಲ್ಲಿ ಬಂದು ಕಣ್ಣು ಮಂಜಾಗಿದೆ."

"ಕಣ್ಣು ಮಂಜಾದೋಳು ಕಾಲೊಳಗೆ ಏನು ನೋಡ್ತೀಯೋ ಕಾಣೆ," ಎಂದು ಬತೂಲ್ ಗೊಣಗಿದಳು. ನಿಮಾತ್ ನಕ್ಕಳು. ಸಿತ್ತನಾಳೂ ನಕ್ಕಳು. ನಗುವಿನಲ್ಲೇ ಅವಳ ಕಾಲು ತೋಬಿನ ಅಂಚಿನಿಂದ ಹೊರಗೆ ಬಂತು.

ನಿಮಾತ್ ಗಂಟಿನ ಮೇಲೆ ತಣ್ಣನೆಯ ಲೋಳೆ ಸವರಿ, ಸಾಬೂನಿನ ಬಿಲ್ಲೆಯಂಥ ಒಂದು ಸಾಧನವನ್ನು ಮೆಲ್ಲಗೆ ಒತ್ತಿ ಹಿಡಿದಳು. ಪರದೆಯ ಮೇಲೆ ಬೂದು ಬಣ್ಣದ ಪದರಗಳು ಅಲುಗಾಡಿದವು. ಕೈಯನ್ನು ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ ವಾಲಿಸುತ್ತ ಬಹಳ ಹೊತ್ತು ನೋಡಿದಳು. ಬತೂಲಳಿಗೆ ಇಷ್ಟು ಮಾತ್ರ ಅರ್ಥವಾಯಿತು: ಇವಳೂ ತನ್ನ ಹಾಗೆ ಕಾಲಿನ ಕೆಲಸದವಳು, ಅವಸರ ಮಾಡುವವಳಲ್ಲ.

"ನೋಡಿ, ಈ ಕೆಳಗೆ ಬೆಳ್ಳಗೆ ಗೆರೆ ಇದೆಯಲ್ಲ, ಅದು ಮೂಳೆ," ಎಂದಳು ನಿಮಾತ್ ಕೊನೆಗೆ. "ಗೆರೆ ಎಲ್ಲೂ ಕಡಿದಿಲ್ಲ, ಕೊರೆದಿಲ್ಲ. ದೇವರ ದಯೆ. ಅದರ ಮೇಲೆ ಈ ಕಪ್ಪು ಗೂಡು, ಅದೇ ಗಂಟು. ಗೂಡೊಳಗೆ ಉದ್ದಕ್ಕೆ ಹೊಳೀತಿರೋದು ಮುಳ್ಳಿನ ಚೂರು ಅನ್ಸುತ್ತೆ."

"ನಾನು ಹೇಳ್ಲಿಲ್ವಾ!" ಎಂದಳು ಸಿತ್ತನಾ.

"ತಡಿ. ಅದರ ಪಕ್ಕ ಸಣ್ಣ ಚುಕ್ಕೆಗಳೂ ಇವೆ. ಅದೇ ನನಗೆ ಸರಿಬೀಳ್ತಿಲ್ಲ. ಮುಳ್ಳು ಕೊಳೆತು ಪುಡಿಯಾಗಿದ್ರೂ ಹೀಗೇ ಕಾಣುತ್ತೆ. ನಬ್ತ್ ಇನ್ನೂ ಎಳೇದಿದ್ರೂ ಹೀಗೇ ಕಾಣುತ್ತೆ."

"ಎರಡಕ್ಕೂ ಕೊಯ್ಯೋದು ತಾನೇ?" ಎಂದು ಸಿತ್ತನಾ ಕೇಳಿದಳು.

"ಅಲ್ಲಮ್ಮ, ಅಜಗಜಾಂತರ. ಮುಳ್ಳಾದ್ರೆ ಪಕ್ಕದ ಕೋಣೇಲಿ ಈಗ್ಲೇ ಸಣ್ಣಗೆ ಸೀಳಿ ತೆಗೀತಾರೆ, ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀಯ. ನಬ್ತ್ ಆದ್ರೆ ಈಗ ಚಾಕು ತಾಗಿಸ್ಲೇಬಾರದು. ಆರು ತಿಂಗಳು ಮಾತ್ರೆ ನುಂಗಿ, ಗಂಟು ತನ್ನ ಸುತ್ತ ಗಟ್ಟಿ ಗೋಡೆ ಕಟ್ಕೊಂಡ ಮೇಲೆ ಇಡಿಯಾಗಿ ಎತ್ಬೇಕು. ಅದಕ್ಕೆ ಮುಂಚೆ ಮುಳ್ಳು ಅಂತ ಕೆದಕಿದ್ರೆ ಚೂರುಪಾರು ಒಳಗೆ ಚೆದುರಿ ಮೂಳೆ ಹಿಡಿಯುತ್ತೆ. ಆಮೇಲೆ ಕಾಲನ್ನ ಉಳಿಸೋರು ಯಾರೂ ಇಲ್ಲ." ಅವಳು ಕನ್ನಡಕ ತೆಗೆದು ಸಿತ್ತನಾಳನ್ನೇ ನೋಡಿದಳು. "ಯಂತ್ರ ಹೇಳೋದು ಅರ್ಧ. ಇನ್ನರ್ಧ ನೀವು ಹೇಳ್ಬೇಕು. ಈ ಜಾಗದಿಂದ ಯಾವತ್ತಾದ್ರೂ ಕರಿ ಕಾಳು ಉದುರಿತ್ತಾ? ಎಳ್ಳಿಗಿಂತ ಸಣ್ಣ, ಗಟ್ಟಿ ಕಾಳು?"

"ಇಲ್ಲಪ್ಪ. ಚರ್ಮ ಒಡೆದೇ ಇಲ್ಲ," ಎಂದಳು ಸಿತ್ತನಾ ತಟ್ಟನೆ.

"ಅಕ್ಕ, ನೀವು ನೋಡಿದ್ದೀರಾ?"

"ಇಲ್ಲ," ಎಂದಳು ಬತೂಲ್.

ನಿಮಾತ್ ಚೀಟಿಯ ಮೇಲೆ ಬರೆಯತೊಡಗಿದಳು. ಉದ್ದದ ಹೊಳಪು, ತೂತಿಲ್ಲದ ಚರ್ಮ, ಕಾಳು ಬಿದ್ದ ನೆನಪಿಲ್ಲ: ಎಲ್ಲವೂ ಮುಳ್ಳಿನ ಕಡೆಗೇ ಕೈ ತೋರಿಸುತ್ತಿದ್ದವು. ಚೀಟಿ ಕೊಟ್ಟು, ಹೆಸರು ಕೂಗುವ ತನಕ ಹೊರಗಿನ ಬೆಂಚಿನಲ್ಲಿ ಕೂತಿರಲು ಹೇಳಿದಳು.

ಬೆಂಚಿನ ಮೇಲೆ ಸಿತ್ತನಾ ಹಗುರಾಗಿ ಮಾತಾಡುತ್ತಲೇ ಇದ್ದಳು. ಅತ್ತೆಯ ಮುಖ ಹೇಗಾಗುತ್ತದೆ ನೋಡಬೇಕು, ತೆಗೆದ ಮುಳ್ಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗಿ ಅವಳ ಮುಂದೆ ಇಡುತ್ತೇನೆ ಎನ್ನುತ್ತಿದ್ದಳು. ಬತೂಲ್ ಹೂಂಗುಟ್ಟುತ್ತಿದ್ದಳು. ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸಿತ್ತನಾಳ ಮದುವೆಯ ಮದರಂಗಿ. ಮದುಮಗಳ ಕಾಲಿಗೆ ಒಂದು ಸಲ ಹಚ್ಚಿದರೆ ಸಾಲದು. ಹಚ್ಚಿ, ಒಣಗಿಸಿ, ಕೆರೆದು, ತೊಳೆದು, ಮತ್ತೆ ಹಚ್ಚಿ, ಹೀಗೆ ಮೂರು ದಿನ ನಡೆದರೆ ಅಂಗಾಲು ಕಾಡಿಗೆಯಷ್ಟು ಕಪ್ಪಾಗುತ್ತದೆ. ಕೆರೆದಾಗ ಚಾಪೆಯ ತುಂಬ ಮದರಂಗಿಯ ಕರಿ ಚೂರು ಉದುರುತ್ತದೆ. ಅದನ್ನು ಯಾರು ಎಣಿಸಿ ನೋಡುತ್ತಾರೆ? ಎಷ್ಟೋ ಕಾಲುಗಳಿಂದ ಉದುರಿದ ಕರಿ ಪುಡಿಯನ್ನು ಬತೂಲ್ ಗುಡಿಸಿ ಎಸೆದಿದ್ದಳು. ಕೆಲವು ಕಾಲುಗಳಿಂದ ಸ್ವಲ್ಪ ಹೆಚ್ಚೇ ಉದುರುತ್ತಿತ್ತು. ಇವಳಿಗೆ ಮದರಂಗಿ ಸರಿಯಾಗಿ ಹಿಡಿಯುವುದಿಲ್ಲ ಎಂದು ಬೈದುಕೊಂಡು ಇನ್ನಷ್ಟು ದಪ್ಪ ಹಚ್ಚುತ್ತಿದ್ದಳು. ಅಲ್ಲಿಯವರೆಗೆ ಅದು ಬರೀ ತಿಳಿಯದೆ ಮಾಡಿದ ತಪ್ಪು.

ಸಿತ್ತನಾಳ ಕಾಲಲ್ಲಿ ಮಾತ್ರ ಅವಳು ತಿಳಿದಳು. ಮೊದಲ ಸುತ್ತು ತೊಳೆಯುವಾಗ ಅಂಗಾಲಿನ ಕುಳಿಯಲ್ಲಿ ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ನಾಲ್ಕು ಕರಿ ಚೂರು. ಒದ್ದೆ ಬೆರಳಿನಿಂದ ತೆಗೆದು ಉಜ್ಜಿದಳು. ಮದರಂಗಿಯ ಚೂರು ನೀರು ತಾಗಿದರೆ ಕ್ಷಣದಲ್ಲಿ ಕೆಸರಾಗುತ್ತದೆ, ಇದು ಮಾತ್ರ ಬೆರಳುಗಳ ನಡುವೆ ಮರಳಿನ ಹಾಗೆ ಹೊರಳಿತು. ಮತ್ತೆ ಉಜ್ಜಿದಳು. ಮತ್ತೆ ಹೊರಳಿತು. ಸುತ್ತ ಹುಡುಗಿಯರು ಡೋಲು ಬಡಿದು ಹಾಡುತ್ತಿದ್ದರು. ಗಂಡಿನ ಕಡೆಯವರು ಆಗಲೇ ಹೊರಟಿದ್ದರು. "ಏನದು ಚಿಕ್ಕಮ್ಮ?" ಎಂದು ಸಿತ್ತನಾ ಕೇಳಿದಳು. "ಏನಿಲ್ವೇ, ಮದರಂಗಿ ಚೂರು," ಎಂದು ಬತೂಲ್ ಆ ತೂತಿನ ಮೇಲೇ ಎರಡನೆಯ ಸುತ್ತು ಹಚ್ಚಿದಳು.

ತೂತು ಮುಚ್ಚಿತು. ಗಾಯ ಆರಿತು. ಏನೂ ಇರಲಿಲ್ಲವೆಂದು ಅವಳು ತನಗೆ ತಾನೇ ದಿನಕ್ಕೊಂದು ಸಲ ಹೇಳಿಕೊಂಡಳು. ಆಮೇಲೆ ಬೇರೆ ಹೆಂಗಸರ ಕಾಲಿನಿಂದ ಅಂಥದೇ ಕಾಳು ಉದುರಿದಾಗಲೂ ಅದೇ ಮಾತು: ಮದರಂಗಿ ಚೂರು. ಒಬ್ಬಳಿಗೆ ನಿಜ ಹೇಳಿದರೆ ಸಿತ್ತನಾಳಿಗೂ ಹೇಳಬೇಕಾಗುತ್ತಿತ್ತಲ್ಲ.

ಈಗಲೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಮುಳ್ಳೇ ಇರಬಹುದು, ಡಾಕ್ಟರಮ್ಮನೇ ಹೇಳಿದಳು. ಬಾಯಿ ಬಿಟ್ಟರೆ ನಾಳೆಯಿಂದ ಯಾವ ಹೆಂಗಸು ತನ್ನ ತೊಡೆಯ ಮೇಲೆ ಕಾಲಿಡುತ್ತಾಳೆ? ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ನಾಳೆಯಿಂದ ತನ್ನನ್ನು ಚಿಕ್ಕಮ್ಮ ಎನ್ನುತ್ತಾಳೆಯೇ? ಹೆದರಿಕೆ ಎಂದರೆ ಏನೆಂದು ಐವತ್ತು ದಾಟಿದ ಮೇಲೆ ಬತೂಲಳಿಗೆ ಗೊತ್ತಾಯಿತು.

"ಸಿತ್ತನಾ!" ಪಕ್ಕದ ಕೋಣೆಯ ಬಾಗಿಲಿನಿಂದ ನರ್ಸ್ ಕೂಗಿದಳು.

ಸಿತ್ತನಾ ಎದ್ದು ಎರಡು ಹೆಜ್ಜೆ ಇಟ್ಟಳು. ಬತೂಲ್ ಅವಳ ತೋಬಿನ ಸೆರಗು ಹಿಡಿದು ಜಗ್ಗಿದಳು.

"ಹೋಗ್ಬೇಡ."

"ಏನಾಯ್ತು ಚಿಕ್ಕಮ್ಮ? ನಾನೇ ಹೆದರ್ತಿಲ್ಲ, ನಿನಗ್ಯಾಕೆ?"

"ಹೋಗ್ಬೇಡ ಅಂದ್ನಲ್ಲ! ಬಾ ಈ ಕಡೆ." ಸೆರಗು ಬಿಡದೆ ಅವಳನ್ನು ಎಳೆದುಕೊಂಡು ಬತೂಲ್ ನಿಮಾತಳ ಕೋಣೆಗೆ ನುಗ್ಗಿದಳು. ಅಲ್ಲಿ ಕೆಮ್ಮಿನ ಹೆಂಗಸು ಕೂತಿದ್ದಳು. ಬತೂಲ್ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಬಂದಿತ್ತು," ಎಂದಳು. "ಕರಿ ಕಾಳು. ನಾಲ್ಕು. ಎರಡು ವರ್ಷದ ಹಿಂದೆ, ಇದೇ ಕಾಲು, ಇದೇ ಜಾಗ. ನಾನೇ ಕೈಯಾರೆ ತೆಗೆದೆ. ನೀರಲ್ಲಿ ಉಜ್ಜಿದೆ, ಕರಗ್ಲಿಲ್ಲ."

ಕೆಮ್ಮಿನ ಹೆಂಗಸು ಕೆಮ್ಮುವುದನ್ನು ಮರೆತಳು.

ನಿಮಾತ್ ಬೈಯಲಿಲ್ಲ. ಸಿತ್ತನಾಳ ಕೈಯಿಂದ ಚೀಟಿ ತೆಗೆದುಕೊಂಡು ಹರಿದಳು. "ಮಗಳೇ, ಇಲ್ಲಿ ಮಲಗು. ಸೂಜಿ ಹಾಕಿ ನೋಡೋಣ."

ಸಿತ್ತನಾ ಮಲಗಲಿಲ್ಲ. ಚಿಕ್ಕಮ್ಮನ ಮುಖವನ್ನೇ ನೋಡುತ್ತ ನಿಂತಳು.

"ಮದರಂಗಿ ಚೂರು ಅಂದಿದ್ದೆ ನೀನು."

"ಅಂದಿದ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೂ. ಮದುವೆಗೆ ಎರಡೇ ದಿನ ಇತ್ತಲ್ಲೇ. ನಬ್ತ್ ಅಂತ ತಿಳಿದ್ರೆ ಅವರು ನಿನ್ನ ಬಿಟ್ಟು ಹೋಗ್ತಿದ್ರು."

"ಹೋಗ್ತಿದ್ರೆ ಹೋಗ್ಲಿ ಅಂತಿದ್ದೆ ನಾನು," ಎಂದಳು ಸಿತ್ತನಾ. ಅವಳ ದನಿ ಏರಲಿಲ್ಲ, ಅದನ್ನೇ ಬತೂಲಳಿಗೆ ತಡೆಯಲಾಗಲಿಲ್ಲ. "ಗಂಡ ಇನ್ನೊಬ್ಬ ಸಿಗ್ತಿದ್ದ. ನನ್ನ ಕಾಲು ಚಿಕ್ಕಮ್ಮ, ನನ್ನ ಕಾಲು. ನನ್ನನ್ನೊಂದು ಮಾತು ಕೇಳ್ಬಹುದಿತ್ತಲ್ಲ."

ಮಾತಿನಲ್ಲಿ ಊರನ್ನೇ ಸೋಲಿಸುವವಳು ಗೋಡೆ ಹಿಡಿದು ನಿಂತುಬಿಟ್ಟಳು.

ನಿಮಾತ್ ಸಿತ್ತನಾಳನ್ನು ಮಲಗಿಸಿ, ಜಾಗವನ್ನು ಮರಗಟ್ಟಿಸಿ, ಒಂದು ಕೈಯಲ್ಲಿ ಆ ಬಿಲ್ಲೆ, ಇನ್ನೊಂದು ಕೈಯಲ್ಲಿ ಸೂಜಿ ಹಿಡಿದಳು. ಪರದೆಯ ಮೇಲೆ ಸೂಜಿ ಬೆಳ್ಳನೆಯ ಗೆರೆಯಾಗಿ ಮೆಲ್ಲಗೆ ಇಳಿಯಿತು. ಉದ್ದದ ಹೊಳಪನ್ನು ಬಿಟ್ಟು, ಪಕ್ಕದ ಚುಕ್ಕೆಗಳ ನಡುವೆ ಹೋಗಿ ನಿಂತಿತು. ಅವಳು ಎಳೆದು, ಸೂಜಿಯಲ್ಲಿ ಬಂದದ್ದನ್ನು ಬಿಳಿ ಬಟ್ಟೆಯ ಮೇಲೆ ಚಿಮ್ಮಿಸಿದಳು. ಒಂದಿಷ್ಟು ರಕ್ತದ ಕಲೆ. ಅದರ ನಡುವೆ ಎರಡು ಕರಿ ಕಾಳು.

ನಿಮಾತ್ ಕಾಳುಗಳನ್ನು ಸೀಸೆಗೆ ಹಾಕಿ ಮುಚ್ಚಳ ಬಿಗಿದಳು.

"ಇದನ್ನ ಪಟ್ಟಣದಲ್ಲಿ ಇನ್ನೊಂದ್ಸಲ ನೋಡ್ತಾರೆ, ಆದ್ರೆ ನನಗೆ ಅನುಮಾನ ಉಳಿದಿಲ್ಲ. ಮುಳ್ಳೂ ಇದೆ, ಮುಳ್ಳಿನ ಜೊತೆ ಬಂದ ನಬ್ತೂ ಇದೆ. ಮೂಳೆ ಇನ್ನೂ ಚೊಕ್ಕವಾಗಿದೆ. ಮಾತ್ರೆ ತಪ್ಪಿಸ್ಬೇಡ, ಆರು ತಿಂಗಳಿಗೆ ನಮ್ಮಲ್ಲಿಗೆ ಬಾ. ಈ ಕಾಲಲ್ಲೇ ನಡ್ಕೊಂಡು ವಾಪಸ್ ಹೋಗ್ತೀಯ ಅನ್ನೋ ನಂಬಿಕೆ ನನಗಿದೆ. ಇವತ್ತು ಆ ಕೋಣೆಗೆ ಹೋಗಿದ್ರೆ ಈ ಮಾತು ಹೇಳೋಕೆ ಆಗ್ತಿರ್ಲಿಲ್ಲ."

ಸಿತ್ತನಾ ತಲೆಯಾಡಿಸಿದಳು. ಆಗ ಅವಳಿಗೆ ಅಳು ಬಂತು. ಬತೂಲ್ ಕೈ ಚಾಚಿದಳು, ಸಿತ್ತನಾ ಆ ಕೈಯನ್ನು ಮುಟ್ಟಲಿಲ್ಲ.

ನಿಮಾತ್ ಕೈ ತೊಳೆಯುತ್ತ, ಬೆನ್ನು ತಿರುಗಿಸಿಯೇ ಕೇಳಿದಳು: "ಅಕ್ಕ, ಊರಿನ ಎಲ್ಲ ಹೆಂಗಸರಿಗೂ ನೀವೇ ಅಲ್ವಾ ಮದರಂಗಿ ಹಚ್ಚೋದು?"

"ಹೌದು."

"ಮೂರು ದಿನದಲ್ಲಿ ನೂರಾ ನಲವತ್ತು ಗಂಡಸರನ್ನ ನೋಡಿದ್ದೀನಿ. ಹೆಂಗಸರು ಹನ್ನೊಂದು ಜನ. ಹೆಂಗಸರು ಮುಳ್ಳು ತುಳಿಯಲ್ವಾ?"

ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಬತೂಲಳಿಗೆ ಗೊತ್ತಾಯಿತು. ಅವಳು ಕಣ್ಣು ಮುಚ್ಚಿದಳು. ಕಾಲುಗಳು ಒಂದೊಂದಾಗಿ ಬಂದವು. ಎಡ ಹಿಮ್ಮಡಿ, ಬಲಗಾಲಿನ ಹೆಬ್ಬೆರಳ ಬುಡ, ಮತ್ತೊಂದು ಎಡಗಾಲು.

"ಐದು," ಎಂದಳು. "ಇವಳನ್ನ ಬಿಟ್ಟು ಐದು ಕಾಲು."

"ನಾನು ಹೇಳಿಕಳಿಸಿದ್ರೆ ಬರಲ್ಲ ಅವರು."

"ಬರಲ್ಲ. ನಾನೇ ಹೋಗ್ಬೇಕು."

ಹೊರಗೆ ಬಂದಾಗ ಮಧ್ಯಾಹ್ನದ ನಮಾಜಿನ ಹೊತ್ತು. ಕೆಮ್ಮಿನ ಹೆಂಗಸು ಆಗಲೇ ಮುಂದೆ ಓಡಿದ್ದಳು, ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಒಂದು ಮನೆಯ ಬಾಗಿಲಲ್ಲಿ ಕಾಫಿ ಬೀಜ ಹುರಿಯುತ್ತಿದ್ದ ಇಬ್ಬರು ಹೆಂಗಸರು ಬತೂಲಳನ್ನು ನೋಡಿ ಮಾತು ನಿಲ್ಲಿಸಿದರು. ಒಬ್ಬಳು ಕಾಲುಗಳನ್ನು ಮಂಚದ ಕೆಳಗೆ ಎಳೆದುಕೊಂಡಳು. ಸಿತ್ತನಾ ಹತ್ತು ಹೆಜ್ಜೆ ಹಿಂದೆ ಕುಂಟುತ್ತ ಬರುತ್ತಿದ್ದಳು. ಮನೆಗೆ ಹೋಗು ಎನ್ನಲು ಬತೂಲಳಿಗೆ ಧೈರ್ಯವಾಗಲಿಲ್ಲ, ಜೊತೆಗೆ ಬಾ ಎನ್ನಲು ಮುಖವಿರಲಿಲ್ಲ.

ಮೊದಲ ಮನೆ ಮದೀನಾಳದು. ನಾಲ್ಕು ಮಕ್ಕಳ ತಾಯಿ, ಬತೂಲಳ ಹಳೆಯ ಗೆಳತಿ. ಅಂಗಳದ ನೆರಳಿನಲ್ಲಿ ಕೂತು ತವೆಯ ಮೇಲೆ ಜೋಳದ ಹಿಟ್ಟು ಸವರಿ ತೆಳ್ಳನೆಯ ಕಿಸ್ರಾ ರೊಟ್ಟಿ ಎಬ್ಬಿಸುತ್ತಿದ್ದಳು. ಬತೂಲಳನ್ನು ಕಂಡೊಡನೆ ಎಡಗಾಲನ್ನು ತೋಬಿನೊಳಗೆ ಸೇರಿಸಿಕೊಂಡಳು.

"ಬಂದ್ಯಾ? ಬಾ. ಕೇಳಿದೆ ನಿನ್ನ ಪ್ರತಾಪ."

"ಮದೀನಾ, ನಿನ್ನ ಹಿಮ್ಮಡಿ ತೋರ್ಸು."

"ಯಾಕೆ? ಯಾರ ಮದುವೆ ಇದೆ?"

"ಹೋದ ಹಬ್ಬದಲ್ಲಿ ನಿನ್ನ ಹಿಮ್ಮಡಿಯಿಂದ ಕಾಳು ಉದುರಿತು. ಮದರಂಗಿ ಚೂರು ಅಂದೆ. ಅದು ಸುಳ್ಳು."

ಮದೀನಾ ತವೆಯಿಂದ ಒಂದು ಕಿಸ್ರಾ ಎತ್ತಿ ಬುಟ್ಟಿಗೆ ಹಾಕಿದಳು. "ಸುಳ್ಳು ಅಂತ ಇವತ್ತು ಹೇಳ್ತೀಯ. ಅವತ್ತು ನಿಜ ಅಂತ ಹೇಳಿದ್ದೆ. ಅವತ್ತೂ ಇದೇ ಬಾಯಿ, ಇವತ್ತೂ ಇದೇ ಬಾಯಿ. ಯಾವುದನ್ನ ನಂಬ್ಲಿ? ನನಗೆ ಏನೂ ಆಗಿಲ್ಲ. ನೋವಿಲ್ಲ. ಹೋಗು ಬತೂಲ್, ನನ್ನ ಒಲೆ ಆರುತ್ತೆ."

ಬತೂಲ್ ಎದುರಿಗೆ ನೆಲದ ಮೇಲೆ ಕೂತಳು. ಏನು ಹೇಳಿದರೂ ಮದೀನಾ ಹೇಳಿದ್ದೇ ಸರಿ. ಆಣೆ ಹಾಕಲೇ, ಕಾಲು ಹಿಡಿಯಲೇ ಎಂದು ಯೋಚಿಸಿದಳು. ಯಾವ ಆಣೆಗೂ ಇನ್ನು ಬೆಲೆಯಿಲ್ಲ.

ಬಾಗಿಲಲ್ಲಿ ನಿಂತಿದ್ದ ಸಿತ್ತನಾ ಒಳಗೆ ಬಂದಳು. ಬತೂಲಳ ಕಡೆ ನೋಡದೆ ಮದೀನಾಳ ಪಕ್ಕ ಕೂತು, ಚಪ್ಪಲಿ ಕಳಚಿ, ಪಟ್ಟಿ ಸುತ್ತಿದ ಬಲಗಾಲನ್ನು ಹಗಲ ಬೆಳಕಿನಲ್ಲಿ, ಬೀದಿಗೆ ಕಾಣುವ ಹಾಗೆ ಮುಂದೆ ಚಾಚಿದಳು.

"ನಾನು ಇವಳನ್ನ ಕ್ಷಮಿಸಿಲ್ಲ ಮದೀನಾ ಅತ್ತೆ," ಎಂದಳು. "ಕ್ಷಮಿಸ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಆದ್ರೆ ಇವತ್ತು ಇವಳು ಹೇಳ್ತಿರೋದು ನಿಜ. ನನ್ನ ಕಾಲಿಂದ ಬಂದಿದ್ದನ್ನ ನಾನೇ ಕಣ್ಣಾರೆ ನೋಡ್ದೆ."

ಮದೀನಾ ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ತವೆಯ ಮೇಲಿನ ಹಿಟ್ಟು ಸೀಯತೊಡಗಿತ್ತು. ಕೊನೆಗೆ ಅವಳು ತೋಬಿನ ಅಂಚು ಸರಿಸಿ, ಎಡಗಾಲನ್ನು ಮೆಲ್ಲಗೆ ಬತೂಲಳ ತೊಡೆಯ ಮೇಲಿಟ್ಟಳು.

ಬತೂಲ್ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ಒಳಗೆ ಗಟ್ಟಿಯಾಗಿ, ಅಲುಗದೆ, ಅದು ಕೂತಿತ್ತು. ಹೋದ ಹಬ್ಬಕ್ಕಿಂತ ದೊಡ್ಡದಾಗಿತ್ತು.

"ಇದೆಯಾ?" ಎಂದು ಮದೀನಾ ಕೇಳಿದಳು.

"ಇದೆ," ಎಂದಳು ಬತೂಲ್. "ಏಳು, ತವೆ ಇಳಿಸು. ನಾಲ್ಕು ಗಂಟೆಗೆ ಅವರು ಹೊರಟುಬಿಡ್ತಾರೆ."